ಮರ್ಲೀನಳ ಸೈಕಲ್ಲಿನ ಕನ್ನಡಿ

ಕಡಲತಡಿಯ ಬುಲ್ಲಾರೂ ಊರಿನಲ್ಲಿ ಸೈಕಲ್ಲಿಗೆ ಕನ್ನಡಿ ಸಿಕ್ಕಿಸಿಕೊಂಡು ಟ್ರಯಥ್ಲಾನ್‌ಗೆ ತಯಾರಿ ನಡೆಸಿದವಳು ಮರ್ಲೀನ್ ಒಬ್ಬಳೇ. ಮೊದಲು ಸಮುದ್ರದಲ್ಲಿ ಈಜು, ದಡಕ್ಕೆ ಬಂದವರೇ ಸೈಕಲ್ಲು, ಸೈಕಲ್ಲಿನಿಂದ ಇಳಿದವರೇ ಓಟ, ಇಷ್ಟನ್ನು ಉಸಿರು ಬಿಡದೆ ಮಾಡಿ ಮುಗಿಸಬೇಕಾದ ಪಂದ್ಯ ಅದು. ಅದಕ್ಕೆ ಹೊರಟವರು ಸೈಕಲ್ಲಿನ ಗಂಟೆ, ಬುಟ್ಟಿ, ಮಡ್‌ಗಾರ್ಡು ಎಲ್ಲವನ್ನೂ ಕಿತ್ತು ಹಗುರ ಮಾಡಿಕೊಳ್ಳುತ್ತಾರೆ. ಇವಳು ಮಾತ್ರ ಅಂಗೈಯಗಲದ ದುಂಡು ಕನ್ನಡಿಯೊಂದನ್ನು ಹ್ಯಾಂಡಲ್ಲಿನ ಬಲಗಡೆಗೆ ಬಿಗಿದು, ಪೆಡಲ್ ತುಳಿಯುವುದಕ್ಕಿಂತ ಹೆಚ್ಚಾಗಿ ಅದನ್ನೇ ನೋಡುತ್ತಾ ಹೋಗುತ್ತಿದ್ದಳು.

"ಅದನ್ನ ತೆಗಿಯೇ. ತೂಕ ಅದು, ಗಾಳಿ ಬೇರೆ ಹಿಡಿಯುತ್ತೆ" ಎಂದು ಬ್ರಿಜೆಟ್ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಬ್ರಿಜೆಟ್ ಶಾಲೆಯಲ್ಲಿ ಆಟದ ಮೇಡಂ. ಒಟ್ಟಿಗೆ ತಯಾರಿ ನಡೆಸುತ್ತಿದ್ದ ಗುಂಪಿನ ನಾಲ್ಕು ಜನರಲ್ಲಿ ಈ ವಿಷಯ ಸ್ವಲ್ಪವಾದರೂ ಗೊತ್ತಿದ್ದವಳು ಅವಳೊಬ್ಬಳೇ.

"ಇಪ್ಪತ್ತು ವರ್ಷದಿಂದ ನಿಮ್ಮ ಶಾಲೆ ಬಸ್ಸು ಓಡಿಸ್ತಿದೀನಿ. ಹಿಂದೆ ಏನು ನಡೀತಿದೆ ಅಂತ ಕಾಣದೆ ಹೋದ್ರೆ ನಂಗೆ ಕಾಲೇ ಆಡಲ್ಲ" ಎನ್ನುತ್ತಿದ್ದಳು ಮರ್ಲೀನ್.

ಮಾತು ನಿಜವೇ, ಆದರೆ ಪೂರ್ತಿ ನಿಜವಲ್ಲ. ಹಿಂದೆ ಏನು ನಡೆಯುತ್ತಿದೆ ಎಂಬ ಚಿಂತೆ ಅವಳಿಗೆ ಹತ್ತಿಕೊಂಡದ್ದು ಬಸ್ಸಿನಿಂದಲ್ಲ, ಗಂಡನಿಂದ. ನಾಲ್ಕು ವರ್ಷದ ಕೆಳಗೆ ಅವಳ ಗಂಡ ವಾರೆನ್, ಅವಳದೇ ನೆಟ್‌ಬಾಲ್ ತಂಡದ ಕೆರಿನ್ ಜೊತೆ ಓಡಾಡತೊಡಗಿದ್ದ. ಒಂದು ದಿನ ಎರಡು ದಿನ ಅಲ್ಲ, ಇಡೀ ಚಳಿಗಾಲ. ಆ ಚಳಿಗಾಲದ ಪ್ರತಿ ಶನಿವಾರವೂ ಮರ್ಲೀನ್ ಆಟದ ನಡುವಿನ ಬಿಡುವಿನಲ್ಲಿ ಕಿತ್ತಳೆ ಹೋಳು ಮಾಡಿ ಎಲ್ಲರಿಗೂ ಹಂಚಿದ್ದಳು, ಕೆರಿನ್‌ಗೂ ಕೊಟ್ಟಿದ್ದಳು. ಒಂದು ಬೆಳಿಗ್ಗೆ ಕೆರಿನ್‌ಳ ಮನೆಯ ಬೀದಿಯಲ್ಲಿ ಮಕ್ಕಳನ್ನು ಬಸ್ಸಿಗೆ ಹತ್ತಿಸಿಕೊಂಡು ಹೊರಟಾಗ, ಬಸ್ಸಿನ ಕನ್ನಡಿಯಲ್ಲಿ ಆ ಮನೆಯ ಹಿತ್ತಲಿಂದ ಹಿಮ್ಮುಖವಾಗಿ ಹೊರಬರುತ್ತಿದ್ದ ವಾರೆನ್‌ನ ವಾಹನ ಕಂಡಿತು. ಅಳುತ್ತಾ ತಂಡದವರ ಹತ್ತಿರ ಹೋಗಿ ಹೇಳಿಕೊಂಡರೆ ಒಬ್ಬರಾದರೂ ಬೆಚ್ಚಿಬೀಳಬೇಡವೇ? ಎಲ್ಲರಿಗೂ ಗೊತ್ತಿತ್ತು. "ನಿನ್ನ ಮನಸ್ಸಿಗೆ ನೋವಾಗಬಾರ್ದು ಅಂತ ಹೇಳ್ಲಿಲ್ಲ ಕಣೇ" ಎಂದಿದ್ದಳು ತಂಡದ ನಾಯಕಿ ಲೊರೇನ್, ಬೆನ್ನು ಸವರುತ್ತಾ. ವಾರೆನ್ ಹೋದದ್ದು ಮರ್ಲೀನಳಿಗೆ ಒಂದು ವರ್ಷದಲ್ಲಿ ಹಳೆಯದಾಯಿತು. ಆ ಬೆನ್ನು ಸವರಿದ ಕೈ ಮಾತ್ರ ಇವತ್ತಿಗೂ ಉರಿಯುತ್ತಿತ್ತು.

ವಾರೆನ್ ಮತ್ತು ಕೆರಿನ್ ದಕ್ಷಿಣದ ದೊಡ್ಡ ಪಟ್ಟಣಕ್ಕೆ ಹೋಗಿ ನೆಲೆಸಿದರು. ಮರ್ಲೀನ್ ನೆಟ್‌ಬಾಲ್ ಬಿಟ್ಟಳು, ಮೈ ಬೆಳೆಸಿಕೊಂಡಳು, ಶುಕ್ರವಾರ ಸಂಜೆ ವಾಸೋಳ ಅಂಗಡಿಯಲ್ಲಿ ಮೀನು-ಚಿಪ್ಸ್ ತಿನ್ನುವುದೇ ದೊಡ್ಡ ಹಬ್ಬ ಎಂದುಕೊಂಡಳು. ವಾಸೋ ಗ್ರೀಕರವಳು, ಬಾಯಿ ಜೋರು, ಊರಿನ ಅರ್ಧ ಜನರನ್ನು ಕರಿದ ಮೀನಿನಿಂದಲೂ ಉಳಿದರ್ಧವನ್ನು ಬೈಗುಳದಿಂದಲೂ ಹಿಡಿತದಲ್ಲಿ ಇಟ್ಟುಕೊಂಡವಳು. ಅಲ್ಲೇ ಒಂದು ಶುಕ್ರವಾರ ಟೊಂಗಾ ದ್ವೀಪದ ಮೆಲೆ, ಹಿರಿಯರ ಆರೈಕೆಯ ಮನೆಯಲ್ಲಿ ಕೆಲಸ ಮಾಡುವ ಭಾರೀ ಎತ್ತರದ ಹೆಂಗಸು, ಗೋಡೆಗೆ ಅಂಟಿಸಿದ್ದ ಟ್ರಯಥ್ಲಾನ್ ಚಿತ್ರವನ್ನು ಚಿಪ್ಸಿನಿಂದ ತೋರಿಸಿ, "ಇದನ್ನ ನಾವ್ಯಾಕೆ ಮಾಡಬಾರ್ದು?" ಎಂದಳು. ಎಲ್ಲರೂ ನಕ್ಕರು. ನಕ್ಕವರು ನಗುತ್ತಲೇ ಹೆಸರು ಕೊಟ್ಟರು.

ಮೊದಲ ತಿಂಗಳುಗಳು ಚೆನ್ನಾಗಿಯೇ ಇದ್ದವು. ಮೆಲೆ ನೀರಿಗೆ ಹಾರಿದರೆ ಪಕ್ಕದವರ ಕನ್ನಡಕ ಕಳಚಿ ಬೀಳುತ್ತಿತ್ತು. ವಾಸೋ ಓಡುವಾಗಲೂ ಮಾತು ನಿಲ್ಲಿಸುತ್ತಿರಲಿಲ್ಲ. ಮರ್ಲೀನಳಿಗೆ ಸಮುದ್ರವೆಂದರೆ ಕೈಕಾಲು ತಣ್ಣಗಾಗುತ್ತಿತ್ತು, ಆದರೂ ಮೂವರ ನಡುವೆ ಹೇಗೋ ತೇಲುತ್ತಾ ಅಲೆಗಳಾಚೆ ಹೋಗಿಬರುವುದನ್ನು ಕಲಿತಳು. ಬ್ರಿಜೆಟ್ ಹಾಕಿದ್ದ ನಿಯಮ ಒಂದೇ: ಯಾರೂ ಒಬ್ಬರೇ ಸಮುದ್ರಕ್ಕೆ ಇಳಿಯಬಾರದು. ನಾಲ್ಕು ವರ್ಷಗಳಲ್ಲಿ ಮೊದಲ ಸಲ ಮರ್ಲೀನ್ ಕನ್ನಡಿ ನೋಡುವುದನ್ನು ಆಗಾಗ ಮರೆಯತೊಡಗಿದ್ದಳು.

ಆಮೇಲೆ ಬ್ಲೂಬಾಟಲ್ ಎಂಬ ಕುಟುಕುವ ಜೆಲ್ಲಿಮೀನಿನ ವಿಷಯ ಬಂತು.

ಅವರು ಭಾನುವಾರ ಬೆಳಿಗ್ಗೆ ಈಜುತ್ತಿದ್ದುದು ಊರಿನ ದೊಡ್ಡ ಬೀಚಿನಲ್ಲಿ. ಪಂದ್ಯ ನಡೆಯುವುದೂ ಅಲ್ಲೇ. ಒಂದು ಭಾನುವಾರ ವಾಸೋ ದಾರಿಯಲ್ಲೇ ಎಲ್ಲರನ್ನೂ ತಡೆದು ನಿಲ್ಲಿಸಿದಳು.

"ದೊಡ್ಡ ಬೀಚು ಬೇಡ. ಬ್ಲೂಬಾಟಲ್ ಬಂದಿದೆಯಂತೆ, ಮೈಯೆಲ್ಲ ಸುಟ್ಟ ಹಾಗೆ ಕುಟುಕುತ್ತೆ. ನದಿ ಸಮುದ್ರ ಸೇರೋ ಕಡೆ ಹೋಗೋಣ."

"ಹೌದೌದು, ನಾನೂ ಕೇಳ್ದೆ" ಎಂದಳು ಮೆಲೆ, ಯಾರೂ ಕೇಳುವ ಮುಂಚೆಯೇ.

ಮರ್ಲೀನ್ ಗಾಳಿಯ ಕಡೆ ಮುಖ ಮಾಡಿದಳು. ಮೂರು ದಿನದಿಂದ ಪಡುವಣ ಗಾಳಿ ಬೀಸುತ್ತಿತ್ತು. ಬ್ಲೂಬಾಟಲ್ ದಡಕ್ಕೆ ಬರುವುದು ಈಶಾನ್ಯದ ಗಾಳಿಗೆ. ಪಡುವಣ ಗಾಳಿ ಅವನ್ನು ಊರಿನ ಮೂಡಣಕ್ಕಿರುವ ಸಮುದ್ರದೊಳಗೆ ದೂರ ತಳ್ಳಿಬಿಡುತ್ತದೆ. ಬುಲ್ಲಾರೂದಲ್ಲಿ ಹುಟ್ಟಿದ ಮಗುವಿಗೂ ಇದು ಗೊತ್ತು, ಬಂದರಿನ ದೋಣಿಯವರ ಜೊತೆ ದಿನಾ ಗಾಳಿಯ ಲೆಕ್ಕ ಮಾತಾಡಿ ಮೀನು ಕೊಳ್ಳುವ ವಾಸೋಗೆ ಗೊತ್ತಿಲ್ಲವೇ? ಮರುದಿನ ಬಸ್ಸು ದೊಡ್ಡ ಬೀಚಿನ ಪಕ್ಕ ಹಾಯುವಾಗ ನೋಡಿದರೆ ನೀರಿನ ತುಂಬ ಜನ. ಒಬ್ಬರೂ ಕುಟುಕಿಸಿಕೊಂಡವರ ಹಾಗೆ ಕಾಣಲಿಲ್ಲ.

ಒಂದು ಸುಳ್ಳು ಸಿಕ್ಕರೆ ಸಾಕು, ಉಳಿದವು ತಾವಾಗಿ ಸಾಲುಗಟ್ಟಿ ಬಂದು ನಿಲ್ಲುತ್ತವೆ. ಕನ್ನಡಿ ಮತ್ತೆ ಕೆಲಸಕ್ಕೆ ಬಂತು. ಸೈಕಲ್ ಹೊಡೆಯುವಾಗ ಹಿಂದಿದ್ದ ಮೆಲೆ, ಬ್ರಿಜೆಟ್ ಕಡೆ ತಿರುಗಿ ಕೈಸನ್ನೆ ಮಾಡುವುದು ಕಂಡಿತು. ವಾಸೋ ಕಾರಣವಿಲ್ಲದೆ ಮುಂದೆ ನುಗ್ಗಿ ಸರ್ಕಲ್ಲಿನವರೆಗೆ ಹೋಗಿ, ಅತ್ತಿತ್ತ ನೋಡಿ, ವಾಪಸು ಬಂದು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು. ಎತ್ತದೆ ಹೋದ ದಿನ ಬ್ರಿಜೆಟ್ ಥಟ್ಟನೆ "ಇವತ್ತು ಗುಡ್ಡದ ಕಡೆ ಹೋಗೋಣ, ಕಾಲಿಗೆ ಒಳ್ಳೇದು" ಎನ್ನುತ್ತಿದ್ದಳು. ಮರ್ಲೀನ್ ಬಂದು ಕೂತರೆ ಮೂವರ ಫೋನುಗಳೂ ಒಟ್ಟಿಗೆ ಬೋರಲಾಗುತ್ತಿದ್ದವು.

ಅವಳಿಗೆ ಅತ್ಯಂತ ಹೆಚ್ಚು ಚುಚ್ಚಿದ್ದು ಕಾಫಿ. ಈಜು ಮುಗಿದ ಮೇಲೆ ಬೀಚಿನ ಕ್ಲಬ್ಬಿನಲ್ಲಿ ಕಾಫಿ ಕುಡಿಯುವುದು ರೂಢಿ. ಅದನ್ನೂ ಬಿಟ್ಟು ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಕುಡಿಯೋಣ ಎಂದರು. ವಾಸೋ, ಕಾಫಿಯಲ್ಲಿ ಒಂದು ಹನಿ ನೀರು ಹೆಚ್ಚಾದರೆ ಲೋಟ ವಾಪಸು ಕಳಿಸುವ ವಾಸೋ, ಬಂಕಿನ ಯಂತ್ರದಿಂದ ಸುರಿದ ಆ ಕಂದು ನೀರನ್ನು ಕಣ್ಣು ಮುಚ್ಚಿ ನುಂಗಿದಳು.

"ಹೇಗಿದೆ?" ಎಂದು ಕೇಳಿದಳು ಮರ್ಲೀನ್.

"ಪರವಾಗಿಲ್ಲ ಕಣೇ. ಕುಡೀಬಹುದು."

ಇಷ್ಟು ದೊಡ್ಡ ತ್ಯಾಗ ಮಾಡಿಸುವಂಥದ್ದು ಏನೋ ಇದೆ ಎಂದು ಮರ್ಲೀನಳಿಗೆ ಆ ಕ್ಷಣ ಖಾತ್ರಿಯಾಯಿತು. ಏನಿರಬಹುದು? ಗುಂಪಿನಲ್ಲಿ ತಾನೇ ನಿಧಾನ. ತನಗಾಗಿ ಕಾದು ಕಾದು ಬೇಸತ್ತಿರಬೇಕು. ಚುರುಕಾದವಳೊಬ್ಬಳು ಸಿಕ್ಕಿರಬೇಕು, ಅವಳ ಜೊತೆ ದೊಡ್ಡ ಬೀಚಿನಲ್ಲಿ ಬೇರೆಯೇ ಈಜುತ್ತಿರಬೇಕು. ಹೇಳಲು ಬಾಯಿ ಬರದೆ ನಾಟಕ ಆಡುತ್ತಿರಬೇಕು. ಹಳೆಯ ಆ ಚಳಿಗಾಲ ಮತ್ತೆ ಶುರುವಾಯಿತು. ಈ ಮೂವರೂ ಹೋದರೆ ಈ ಊರಿನಲ್ಲಿ ಇನ್ನೊಮ್ಮೆ ಯಾರನ್ನಾದರೂ ನಂಬುವ ಶಕ್ತಿ ತನಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಬುಧವಾರ ಮಧ್ಯಾಹ್ನ, ಮಕ್ಕಳನ್ನು ವಾಪಸು ಬಿಡುವುದಕ್ಕೆ ಇನ್ನೂ ಹೊತ್ತಿರುವಾಗ, ಅವಳು ಖಾಲಿ ಬಸ್ಸನ್ನು ದೊಡ್ಡ ಬೀಚಿನ ಮೇಲಿನ ದಿಬ್ಬದಲ್ಲಿ ತಂದು ನಿಲ್ಲಿಸಿದಳು. ಕೆಳಗೆ ವಾಸೋಳ ವ್ಯಾನು ನಿಂತಿತ್ತು. ನೀರುನಾಯಿಗಳ ಹಾಗೆ ಮೈಯಿಂದ ನೀರು ಸುರಿಸುತ್ತಾ ಇಬ್ಬರು ಈಜುಗಾರರು ದಡಕ್ಕೆ ಬರುತ್ತಿದ್ದರು. ಟೋಪಿ, ಕನ್ನಡಕಗಳಲ್ಲಿ ಮುಖ ತಿಳಿಯುತ್ತಿರಲಿಲ್ಲ. ಆದರೆ ಪಾದಗಳನ್ನು ಎರಡು ಕಡೆಗೂ ತೆರೆದುಕೊಂಡು ಬಾತುಕೋಳಿಯಂತೆ ಹೆಜ್ಜೆ ಹಾಕುವ ಆ ನಡಿಗೆಯನ್ನು ಅವಳು ಇಪ್ಪತ್ತಾರು ವರ್ಷ ನೋಡಿದ್ದಳು. ವಾರೆನ್. ಹಿಂದೆ ಕೆರಿನ್. ವಾಸೋ ನೇರ ಅವನ ಹತ್ತಿರ ಹೋಗಿ, ಕಾಗದದಲ್ಲಿ ಸುತ್ತಿದ ಬಿಸಿ ಪೊಟ್ಟಣವೊಂದನ್ನು ಅವನ ಕೈಗೆ ಕೊಟ್ಟಳು. ಅವನು ನಗುತ್ತಾ ಬಿಚ್ಚಿ ಒಂದು ಚಿಪ್ಸ್ ಬಾಯಿಗೆ ಹಾಕಿಕೊಂಡ.

ಮರ್ಲೀನ್ ಬಸ್ಸನ್ನು ತಿರುಗಿಸಿಕೊಂಡು ಹೊರಟುಹೋದಳು. ಆ ಸಂಜೆ ಮಕ್ಕಳು ಗಲಾಟೆ ಮಾಡಿದರೂ ಅವಳು ಒಬ್ಬರನ್ನೂ ಗದರಲಿಲ್ಲ.

ಶನಿವಾರ ಬಂಕಿನಲ್ಲಿ ಮೂವರೂ ಕಾಫಿ ಹಿಡಿದು ಕೂತಿದ್ದಾಗ ಅವಳು ಕೂರದೆ ನಿಂತೇ ಕೇಳಿದಳು.

"ವಾರೆನ್‌ಗೆ ಮೀನು ಹಿಡಿಸ್ತಾ, ವಾಸೋ?"

ವಾಸೋಳ ಬಾಯಿ ಮುಚ್ಚಿದ್ದನ್ನು ಅಲ್ಲಿದ್ದವರು ಅದೇ ಮೊದಲು ನೋಡಿದ್ದು. ಬ್ರಿಜೆಟ್ ನೆಲ ನೋಡಿದಳು. ಕೊನೆಗೆ ಮೆಲೆ ನಿಟ್ಟುಸಿರಿಟ್ಟು, "ನಾನು ಮೊದಲೇ ಹೇಳಿದ್ದೆ ಇವರಿಗೆ, ಮುಚ್ಚಿಡೋದು ಬೇಡ ಅಂತ" ಎಂದಳು.

"ಏನನ್ನ?"

"ಅವರಿಬ್ಬರೂ ನಮ್ಮ ಪಂದ್ಯಕ್ಕೇ ಹೆಸರು ಕೊಟ್ಟಿದಾರೆ ಕಣೇ" ಎಂದಳು ವಾಸೋ. "ಅವನೇ ನನ್ನ ಅಂಗಡೀಲಿ ಬಂದು ಜಂಬ ಕೊಚ್ಚಿದ. ಪಟ್ಟಣದಿಂದ ಬಂದು ದೊಡ್ಡ ಬೀಚಲ್ಲೇ ಪ್ರಾಕ್ಟೀಸ್ ಮಾಡ್ತೀವಿ ಅಂದ. ನೀನು ಅವರನ್ನ ನೋಡಿದ್ರೆ ಹೆಸರು ವಾಪಸು ತಗೋತೀಯ ಅಂತ ಭಯ ಆಯ್ತು. ಎದುರಿಗೆ ಸಿಗದೆ ಇರ್ಲಿ ಅಂತ ನಾವು... ಶನಿವಾರ, ಭಾನುವಾರ ಬರಬೇಡ ಮಾರಾಯ ಅಂತ ಅವನಿಗೆ ಪುಕ್ಕಟೆ ಮೀನು ತಿನ್ನಿಸಿದೀನಿ. ಆ ದರಿದ್ರದವನು ತಿಂದೂ ತಿಂದೂ ಬರ್ತಾನೇ ಇದ್ದ."

"ಈ ಮೂರು ಜನಕ್ಕೂ ಗೊತ್ತಿತ್ತು. ನಂಗೊಬ್ಬಳಿಗೆ ಗೊತ್ತಿರ್ಲಿಲ್ಲ" ಎಂದಳು ಮರ್ಲೀನ್, ಬಂಕಿನ ಹುಡುಗಿಗೆ ಹೇಳುವವಳಂತೆ.

"ನಿನ್ನ ಮನಸ್ಸಿಗೆ ನೋವಾಗಬಾರ್ದು ಅಂತ..." ವಾಸೋ ಅವಳ ಬೆನ್ನಿಗೆ ಕೈ ಚಾಚಿದಳು.

"ಮುಟ್ಟಬೇಡ!" ಪೆಟ್ರೋಲ್ ಹಾಕಿಸಿಕೊಳ್ಳುತ್ತಿದ್ದವರೂ ತಿರುಗಿ ನೋಡಿದರು. "ಆ ಮಾತು ಒಂದ್ಸಲ ಕೇಳಿದೀನಿ. ಅದೇ ಮಾತು, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ವಾರೆನ್ ಸಿಕ್ಕಿದ್ರೆ ನಾನು ಸಾಯ್ತಿರ್ಲಿಲ್ಲ ವಾಸೋ. ಒಂದು ನಿಮಿಷ ಬೇಜಾರಾಗ್ತಿತ್ತು, ಆಮೇಲೆ ಈಜ್ತಿದ್ದೆ. ನೀವು ಮಾತ್ರ ಊರೆಲ್ಲ ನನ್ನ ಕಣ್ಣು ಕಟ್ಟಿ ಸುತ್ತಿಸಿಬಿಟ್ರಿ."

ಅವರು ಒಳ್ಳೆಯದಕ್ಕೇ ಮಾಡಿದ್ದರು. ಅದು ಮರ್ಲೀನಳಿಗೂ ತಿಳಿಯಿತು. ತಿಳಿದದ್ದರಿಂದ ಸಿಟ್ಟು ಇನ್ನೂ ಹೆಚ್ಚಿತು. ಕೆಟ್ಟದ್ದಕ್ಕೆ ಮುಚ್ಚಿಟ್ಟವರನ್ನು ಬೈದು ಕಳೆದುಕೊಳ್ಳಬಹುದು, ಒಳ್ಳೆಯದಕ್ಕೆ ಮುಚ್ಚಿಟ್ಟವರನ್ನು ಏನು ಮಾಡುವುದು? ಅವಳು ಸೈಕಲ್ ಹತ್ತಿ ಹೊರಟಳು. ಕನ್ನಡಿಯಲ್ಲಿ ಮೂವರೂ ಎದ್ದು ನಿಂತದ್ದು ಕಂಡಿತು. ತಿರುವಿನಲ್ಲಿ ಅದೂ ಮರೆಯಾಯಿತು.

ಪಂದ್ಯಕ್ಕೆ ಉಳಿದ ದಿನಗಳಲ್ಲಿ ಅವಳು ಒಬ್ಬಳೇ ತಯಾರಿ ನಡೆಸಿದಳು. ಫೋನು ಬಂದರೆ ಎತ್ತಲಿಲ್ಲ, ವಾಸೋಳ ಅಂಗಡಿಯ ಬೀದಿಗೆ ಕಾಲಿಡಲಿಲ್ಲ. ಒಳನಾಡಿನ ರಸ್ತೆಯಲ್ಲಿ ಸೈಕಲ್ ಹೊಡೆದಳು. ಕನ್ನಡಿಯಲ್ಲಿ ಈಗ ಅನುಮಾನಪಡುವಂಥದ್ದು ಏನೂ ಇರಲಿಲ್ಲ, ಬರೀ ರಸ್ತೆ, ಬೇಲಿ, ಒಂದೆರಡು ಹಸು. ಇಷ್ಟು ನಿಶ್ಚಿಂತೆಯಾಗಿದ್ದೂ ಇಷ್ಟು ಬೇಸರವಾಗುತ್ತದೆ ಎಂದು ಅವಳು ಎಣಿಸಿರಲಿಲ್ಲ. ಸಮುದ್ರಕ್ಕೆ ಮಾತ್ರ ಒಬ್ಬಳೇ ಇಳಿಯಲಿಲ್ಲ. ಜಗಳವಾಡಿದ ಮೇಲೂ ಬ್ರಿಜೆಟ್‌ಳ ನಿಯಮ ಮುರಿಯಲು ಮನಸ್ಸು ಬರಲಿಲ್ಲ. ಈಜುಕೊಳದಲ್ಲೇ ಅತ್ತಿಂದಿತ್ತ ಹೊರಳಾಡಿದಳು.

ಪಂದ್ಯದ ಬೆಳಿಗ್ಗೆ ದಕ್ಷಿಣದ ಗಾಳಿ ಎದ್ದಿತ್ತು, ನೀರು ಕೊರೆಯುತ್ತಿತ್ತು. ಎಲ್ಲರೂ ಕಪ್ಪು ರಬ್ಬರಿನ ವೆಟ್‌ಸೂಟ್ ತೊಟ್ಟಿದ್ದರು. ಅದು ಚಳಿ ತಡೆಯುತ್ತದೆ, ಮೈಯನ್ನು ತೇಲಿಸುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿ ಮರ್ಲೀನಳೂ ಬಾಡಿಗೆಯ ಡೇರೆಯಲ್ಲಿ ಒಂದನ್ನು ತೆಗೆದುಕೊಂಡಳು. ಜನ್ಮದಲ್ಲಿ ಅದನ್ನು ಮುಟ್ಟಿದವಳಲ್ಲ. ಬೇಸಿಗೆಯಿಡೀ ಅವರು ಬರೀ ಈಜುಡುಪಿನಲ್ಲೇ ಈಜಿದ್ದರು. ಕ್ಲಬ್ಬಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಕನ್ನಡಿಯಿರಬೇಕಾದಲ್ಲಿ ನಾಲ್ಕು ಮೊಳೆ ಮಾತ್ರ ಇದ್ದವು. ಬೆವರು ಸುರಿಸಿ, ಹಲ್ಲು ಕಚ್ಚಿ, ಅವಳು ಹೇಗೋ ಅದರೊಳಗೆ ಹೊಕ್ಕಳು. ಎದೆಯ ಮೇಲಿನ ಜಿಪ್ಪನ್ನು ಜಾಕೆಟ್ಟಿನ ಹಾಗೆ ಗಂಟಲವರೆಗೂ ಎಳೆದುಕೊಂಡು, ಅದರ ತುದಿಯಲ್ಲಿ ಜೋತಾಡುತ್ತಿದ್ದ ಉದ್ದ ದಾರವನ್ನು ಒಳಗೆ ತುರುಕಿದಳು. ಯಾರ ಸಹಾಯವೂ ಬೇಕಾಗಲಿಲ್ಲ ಎಂದು ಒಳಗೊಳಗೇ ಬೀಗಿದಳು. ಗಂಟಲು ಬಿಗಿಯುತ್ತಿತ್ತು. ಹೆದರಿಕೆಗೆ ಹೀಗಾಗುತ್ತಿದೆ ಎಂದುಕೊಂಡಳು.

ಮರಳಿಗೆ ಇಳಿಯುವ ಮೆಟ್ಟಿಲ ಬಳಿ ನೀರು ಹಂಚುವ ಮೇಜಿತ್ತು. ಅಲ್ಲಿ ಸ್ವಯಂಸೇವಕರ ಅಂಗಿ ತೊಟ್ಟು ನಿಂತವರು ಹಳೆಯ ನೆಟ್‌ಬಾಲ್ ತಂಡದವರು. ಲೊರೇನ್ ಅವಳನ್ನು ಕಂಡವಳೇ ಎದೆಯಿಂದ ಕಾಲಿನವರೆಗೆ ನೋಡಿದಳು, ಪಕ್ಕದವಳನ್ನು ನೋಡಿದಳು, ಆಮೇಲೆ ಬಾಯಿತುಂಬ ನಕ್ಕಳು.

"ಎಷ್ಟು ಚೆನ್ನಾಗಿ ಕಾಣ್ತಿದೀಯೇ, ಮರ್ಲೀನ್!"

"ಹೌದು, ತುಂಬಾ ಒಪ್ಪುತ್ತೆ ನಿಂಗೆ" ಎಂದಳು ಪಕ್ಕದವಳು, ಬಾಯಿಗೆ ಕೈ ಅಡ್ಡ ಹಿಡಿದು.

ಮರ್ಲೀನ್ ಮುಂದೆ ಹೋದಳು. ಹಿಂದಿನಿಂದ ಕಿಸಕ್ ಎಂಬ ಸದ್ದು ಕೇಳಿಸಿತು. ಮರಳಿನ ಮೇಲೆ ನಿಂತವರೂ ಒಬ್ಬೊಬ್ಬರಾಗಿ ಅವಳನ್ನು ನೋಡಿ ಮುಖ ತಿರುಗಿಸುತ್ತಿದ್ದರು. ಸ್ವಲ್ಪ ದೂರದಲ್ಲಿ ವಾರೆನ್ ಇದ್ದ. ಅವನೂ ನೋಡಿದ, ಕೆರಿನ್‌ಳ ಕಿವಿಯಲ್ಲಿ ಏನೋ ಹೇಳಿದ. ಗಂಡ ಬಿಟ್ಟುಹೋದವಳು ಗಂಡ ಬಂದ ಪಂದ್ಯಕ್ಕೇ ಬಂದಿದ್ದಾಳೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದಾರೆ, ಮತ್ತೇನು? ವಾಸೋ ಹೆದರಿದ್ದೇ ನಿಜವಾಯಿತು, ಬರಬಾರದಿತ್ತು. ಅವಳು ನಿಂತಳು. ಮನೆಗೆ ಹೋಗಿಬಿಡೋಣ ಎಂದು ಮೆಟ್ಟಿಲ ಕಡೆ ತಿರುಗಿದಳು.

"ಏಯ್! ಮರ್ಲೀನ್!"

ಬೀಚಿನ ಆ ತುದಿಯಿಂದ ಬಂದ ಕೂಗು ಅದು. ಧ್ವನಿವರ್ಧಕದಲ್ಲಿ ನಿಯಮ ಓದುತ್ತಿದ್ದವನೂ ಒಂದು ಕ್ಷಣ ನಿಲ್ಲಿಸಿದ.

"ಹಿಂದುಮುಂದಾಗಿ ಹಾಕ್ಕೊಂಡಿದೀಯಲ್ಲೇ, ಪೆದ್ದಿ! ಜಿಪ್ಪು ಬೆನ್ನಿಗೆ ಬರಬೇಕು! ಬೆನ್ನಿಗೆ!"

ವಾಸೋ ಓಡಿ ಬರುತ್ತಿದ್ದಳು. ಹಿಂದೆ ಬ್ರಿಜೆಟ್, ಅವಳ ಹಿಂದೆ ಮರಳು ಚಿಮ್ಮಿಸುತ್ತಾ ಮೆಲೆ. ಇಡೀ ಬೀಚು ಈಗ ಮುಚ್ಚುಮರೆಯಿಲ್ಲದೆ ನಗುತ್ತಿತ್ತು. ವಾರೆನ್ ನಗುತ್ತಿದ್ದ. ಮರ್ಲೀನ್ ತಲೆ ಬಗ್ಗಿಸಿ ಎದೆಯ ಮೇಲಿನ ಜಿಪ್ಪನ್ನು ನೋಡಿದಳು. ಮೇಜಿನ ಹಿಂದೆ ನಿಂತ ಲೊರೇನಳನ್ನು ನೋಡಿದಳು. ಎಷ್ಟು ಚೆನ್ನಾಗಿ ಕಾಣ್ತಿದೀಯೇ. ಹೀಗೇ ನೀರಿಗೆ ಇಳಿಯಲು ಬಿಟ್ಟಿದ್ದರು, ಗಂಟಲು ಬಿಗಿದುಕೊಂಡೇ ಮುಳುಗಲು ಬಿಟ್ಟಿದ್ದರು.

"ಇಷ್ಟು ಜನರ ಮುಂದೆ ಕಿರುಚಬೇಕಿತ್ತಾ?" ಎಂದಳು, ವಾಸೋ ಏದುಸಿರು ಬಿಡುತ್ತಾ ಮುಂದೆ ಬಂದು ನಿಂತಾಗ.

"ಮತ್ತೇನು ಮಾಡ್ಲಿ? ಬಾಯಿ ಮುಚ್ಕೊಂಡಿದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಹಾಳಾಗಿ ಹೋಯ್ತು. ಇನ್ನು ನನ್ನ ಕೈಲಾಗಲ್ಲ." ವಾಸೋಳ ಕಣ್ಣು ಕೆಂಪಾಗಿತ್ತು. "ಬೇಕಾದ್ರೆ ಸಿಟ್ಟು ಮಾಡ್ಕೋ. ಬಟ್ಟೆ ಸರಿ ಹಾಕ್ಕೊಂಡು ಸಿಟ್ಟು ಮಾಡ್ಕೋ."

ಮರ್ಲೀನಳಿಗೆ ನಗು ಬಂತು. ನಗುತ್ತಿದ್ದಂತೆ ಅಳುವೂ ಬಂತು, ಯಾವುದನ್ನು ತಡೆಯಬೇಕೆಂದು ತಿಳಿಯದೆ ಎರಡನ್ನೂ ಬಿಟ್ಟುಬಿಟ್ಟಳು. ಮೂವರೂ ಸೇರಿ ಅವಳನ್ನು ಮರಳಿನ ಮೇಲೆ ಕೆಡವಿ, ಬಾಳೆಹಣ್ಣು ಸುಲಿದ ಹಾಗೆ ಆ ರಬ್ಬರನ್ನು ಸುಲಿದರು. ಮತ್ತೆ ತೊಡಿಸುವಾಗ ಮೆಲೆ ತನ್ನ ಚೀಲದಿಂದ ಬ್ರೆಡ್ಡಿನ ಪ್ಲಾಸ್ಟಿಕ್ ಕವರು ತೆಗೆದು ಅವಳ ಪಾದಕ್ಕೆ ಸಿಕ್ಕಿಸಿದಳು. ಕಾಲು ಸರ್ರನೆ ಜಾರಿಕೊಂಡು ಹೋಯಿತು.

"ನಂಗೆ ಹೇಳದೆ ಇರೋದು ಇನ್ನೇನಾದ್ರೂ ಇದ್ಯಾ?" ಎಂದು ಕೇಳಿದಳು ಮರ್ಲೀನ್, ಮರಳಿನಲ್ಲಿ ಕೂತೇ.

ಮೂವರೂ ಮುಖ ಮುಖ ನೋಡಿಕೊಂಡರು. ಈ ಸಲ ಯಾರೂ ಕೈಸನ್ನೆ ಮಾಡಲಿಲ್ಲ.

"ನಿನ್ನ ಕೂದಲಿನ ಹೊಸ ಬಣ್ಣ ಒಂಚೂರೂ ಚೆನ್ನಾಗಿಲ್ಲ" ಎಂದಳು ಮೆಲೆ.

"ನೀನು ಈಜ್ತಾ ಇದ್ರೆ ಯಾರಾದ್ರೂ ಕಾಪಾಡಿ ಅಂತ ಕೂಗಬೇಕು ಅನ್ಸುತ್ತೆ" ಎಂದಳು ಬ್ರಿಜೆಟ್. "ಮತ್ತೆ ಆ ಕನ್ನಡಿ, ಈಗಲಾದ್ರೂ..."

"ಕನ್ನಡಿ ತೆಗೆಯಲ್ಲ."

"ಆ ಬಂಕಿನ ಕಾಫಿ" ಎಂದಳು ವಾಸೋ, "ಥೂ, ಅದು ಕಾಫಿಯಲ್ಲ ಕಣೇ, ಪಾಪಕ್ಕೆ ಶಿಕ್ಷೆ."

ಐವತ್ತು ದಾಟಿದ ಹೆಂಗಸರು ನೀರಿನಂಚಿಗೆ ಬರಬೇಕೆಂದು ಧ್ವನಿವರ್ಧಕ ಕೂಗಿತು. ಮರ್ಲೀನ್ ಎದ್ದು ನಿಂತಳು, ವಾಸೋಳ ಕಡೆಗೆ ಬೆನ್ನು ತಿರುಗಿಸಿದಳು. ತಣ್ಣನೆಯ ಬೆರಳುಗಳು ಕೂದಲನ್ನು ಬದಿಗೆ ಸರಿಸಿದವು. ಜಿಪ್ಪು ಸೊಂಟದಿಂದ ಕುತ್ತಿಗೆಯವರೆಗೆ ಏರಿತು. ಕೊನೆಯಲ್ಲಿ ಆ ಕೈ ಬೆನ್ನನ್ನೊಮ್ಮೆ ತಟ್ಟಿತು. ಅವಳು ಬೇಡವೆನ್ನಲಿಲ್ಲ.

ಕಹಳೆ ಊದಿದರು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಮೊದಲ ಅಲೆ ಎದೆಗೆ ಬಡಿಯಿತು. ಮರ್ಲೀನ್ ಹಿಂದೆ ತಿರುಗಿ ನೋಡಲಿಲ್ಲ. ಹಿಂದೆ ವಾಸೋ ಇದ್ದಳು, ನೀರಿನ ಚಳಿಯನ್ನು ಗ್ರೀಕಿನಲ್ಲಿ ಬೈಯುತ್ತಿದ್ದಳು, ಅದು ಚೆನ್ನಾಗಿ ಕೇಳಿಸುತ್ತಿತ್ತು.